ಅವ್ವನ ಬಲಭುಜ

ಆ ಭಾನುವಾರ ಬೆಳಿಗ್ಗೆ ನಾನು ಅವ್ವನ ಬಲಭುಜಕ್ಕೆ ನೋವಿನ ಮುಲಾಮು ತಿಕ್ಕುತ್ತಿದ್ದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಓಣಿಯ ತಿರುವಿನಲ್ಲಿ ಜೋಳದ ರೊಟ್ಟಿಯ ಅಂಗಡಿಯೊಂದಿದೆ. ಅವ್ವ ಮತ್ತು ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ದಿನವೂ ಸಂಜೆ ಅಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾರೆ. ರೊಟ್ಟಿ ಬಡಿಯುವವರ ಭುಜ ನೋಯುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಆದ್ದರಿಂದ ಅವ್ವ "ಭುಜ ಭಾಳ ಸೆಳಿಯಾಕತ್ತೈತಿ" ಎಂದಾಗ ನಾನು ಮುಲಾಮಿನ ಡಬ್ಬಿ ಹುಡುಕಿದೆ. ಪಕ್ಕದ ತನ್ನ ಖೋಲಿಯಿಂದ ಬಂದು ಬಾಗಿಲಲ್ಲಿ ಕುಳಿತಿದ್ದ ಅತ್ತೆ ನಕ್ಕಳು.

"ನಿನಗೊಬ್ಬಾಕಿಗೇ ಭುಜ ಕೊಟ್ಟಾನೇನು ದೇವರು? ಮಗಳು ಡಿಗ್ರಿ ಮಾಡಿದ್ದು ನಿನ್ನ ಭುಜ ತಿಕ್ಕಾಕಂತ ತಿಳಕೊಂಡೀ ಏನು?"

"ನಿನಗೂ ತಿಕ್ಕತಾಳ ತಗೋ ಅಕ್ಕಾ," ಎಂದಳು ಅವ್ವ, ಕಣ್ಣು ತೆರೆಯದೆ.

ಅತ್ತೆಯ ಮಾತಿನಲ್ಲಿ ಚುಚ್ಚುವಿಕೆ ಇತ್ತಾದರೂ ಸತ್ಯವೂ ಇತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹತ್ತನೆಯ ತರಗತಿಯವರೆಗೆ ಯಾದಗಿರಿ ಕಡೆಯ ನಮ್ಮ ಊರಿನಲ್ಲಿ ಅಜ್ಜಿಯ ಜೊತೆಗಿದ್ದು ಕನ್ನಡದಲ್ಲಿ ಓದಿದೆ; ಆಮೇಲೆ ಹೈದರಾಬಾದಿಗೆ ಬಂದು, ಪ್ರಾಣಿಶಾಸ್ತ್ರವನ್ನು ಒಂದು ವಿಷಯವಾಗಿ ಆರಿಸಿಕೊಂಡು, ಇಂಗ್ಲಿಷಿನಲ್ಲಿ ಪದವಿ ಮುಗಿಸಿದೆ. ಆ ದಿನಗಳಲ್ಲಿ ಅಮೀರ್‌ಪೇಟ್‌ನ ಒಂದು ಹಾಸ್ಟೆಲ್‌ನಲ್ಲಿದ್ದು ಸರ್ಕಾರಿ ನೌಕರಿಯ ಪರೀಕ್ಷೆಗೆ ತರಬೇತಿ ಪಡೆಯುತ್ತಿದ್ದೆ. ಭಾನುವಾರಕ್ಕೊಮ್ಮೆ ಮನೆಗೆ ಬಂದರೆ ಓಣಿಯವರು ಮಾತ್ರೆಗಳನ್ನು ಹಿಡಿದು ಬರುತ್ತಿದ್ದರು: ಇದು ಊಟಕ್ಕಿಂತ ಮೊದಲೋ ಆಮೇಲೋ, ಇದು ಬಿಪಿಯದೋ ಸಕ್ಕರೆಯದೋ. ಒಂದು ಮಾತು ತಪ್ಪಿದರೂ ಇಡೀ ಪದವಿಯೇ ಸುಳ್ಳೆನಿಸಿಕೊಳ್ಳುತ್ತದೆ ಎಂಬ ಅಂಜಿಕೆ ನನಗೆ. ಆದ್ದರಿಂದ ಪ್ರತಿಯೊಂದು ಪದವನ್ನೂ ತೂಗಿ ನೋಡಿ ಹೇಳುತ್ತಿದ್ದೆ. ಈಗ ಬರೆಯುವಾಗಲೂ ಆ ಅಭ್ಯಾಸ ಹೋಗಿಲ್ಲ.

ಭುಜ ತಿಕ್ಕಿಸಿಕೊಂಡ ಅವ್ವ ನೀರು ಕುಡಿಯಲೆಂದು ಎದ್ದಳು. ಒಂದು ಕೈಯನ್ನು ಗೋಡೆಗೆ ಊರಿದಳು, ಇನ್ನೊಂದನ್ನು ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡಳು. ಹಾಗೆಯೇ ಗೋಡೆಗುಂಟ ಜಾರಿ ನೆಲಕ್ಕೆ ಕುಸಿದಳು. ನಾನು ಹಿಡಿದುಕೊಂಡಾಗ ಅವಳ ಕೈ ತಣ್ಣಗಿತ್ತು, ಹಣೆಯ ತುಂಬ ಬೆವರಿತ್ತು, ತುಟಿ ಜೋಳದ ಹಿಟ್ಟು ಬಳಿದಂತೆ ಬೆಳ್ಳಗಾಗಿತ್ತು. ಎರಡು ದಿನದಿಂದ ಹೊಟ್ಟೆಯಲ್ಲಿ ಹಿಡಿದಂತಾಗುತ್ತಿದೆ, ಗ್ಯಾಸ್ ಇರಬೇಕು ಎಂದು ಅವಳು ಹೇಳಿದ್ದು ಆಗ ನನಗೆ ನೆನಪಾಯಿತು. ಅತ್ತೆ ಓಡಿಹೋಗಿ ಆಟೋ ತಂದಳು. ಮುಖ್ಯರಸ್ತೆಯ ಸಣ್ಣ ದವಾಖಾನೆಯೊಂದಕ್ಕೆ ಕರೆದೊಯ್ದೆವು. ದಾರಿಯಲ್ಲಿ ಅಪ್ಪನಿಗೆ ಫೋನು ಮಾಡಿದೆ. ಅವನು ಸೆಂಟ್ರಿಂಗ್ ಕೆಲಸದವನು. ಆ ದಿನ ಮಲ್ಕಾಜ್‌ಗಿರಿಯಲ್ಲಿ ಸ್ಲ್ಯಾಬ್ ಹಾಕುತ್ತಿದ್ದರು.

ದವಾಖಾನೆಯ ವೈದ್ಯೆ ನಡುವಯಸ್ಸಿನವರು. ಅವ್ವನ ನಾಡಿ ನೋಡಿದರು, ರೆಪ್ಪೆ ಎಳೆದು ನೋಡಿದರು, ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಅವ್ವ ಚೀರಿದಳು. ವೈದ್ಯೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ, ಕಳೆದ ಸಲ ಮುಟ್ಟಾಗಿದ್ದು ಯಾವಾಗ, ಬಸುರಿಯಾಗಿರುವ ಸಾಧ್ಯತೆ ಇದೆಯೇ ಎಂದು ಕೇಳಿದರು.

ಆ ಪ್ರಶ್ನೆಯೇ ನನಗೆ ಅಸಭ್ಯವೆನಿಸಿತು. ಅವ್ವನಿಗೆ ನಲವತ್ತು ದಾಟಿತ್ತು. ನನಗೆ ಗಂಡು ನೋಡುತ್ತಿದ್ದರು. ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ನನ್ನ ತಮ್ಮ ಹುಟ್ಟಿದ ಮೇಲೆ ಅವ್ವನಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ್ದರು. ನಮ್ಮ ಕಡೆ ಆಪರೇಷನ್ ಎಂದರೆ ಸಾಕು, ಯಾವುದೆಂದು ಯಾರೂ ಕೇಳುವುದಿಲ್ಲ. ನಾನು ತಲೆಯೆತ್ತಿ, ಸರಿಯಾದ ಪದವನ್ನೇ ಆರಿಸಿ, "ಸಾಧ್ಯವೇ ಇಲ್ಲ ಮೇಡಂ, ಟ್ಯೂಬೆಕ್ಟಮಿ ಆಗಿದೆ" ಎಂದು ತೆಲುಗಿನಲ್ಲಿ ಹೇಳಿದೆ.

"ಅಯಿನಾ ಟೆಸ್ಟ್ ಚೇದ್ದಾಂ," ಎಂದರು ಅವರು. ಆಗಿದ್ದರೂ ಪರೀಕ್ಷೆ ಮಾಡೋಣ, ಎಂದು.

ಪರೀಕ್ಷೆಯಲ್ಲಿ ಬಸುರು ಎಂದು ಬಂತು. ಸ್ಕ್ಯಾನಿಂಗ್ ಪರದೆಯ ಮೇಲೆ ವೈದ್ಯೆ ಬೆರಳಿಟ್ಟು ತೋರಿಸಿದ ಕಡೆ ನನಗೆ ಕಂಡದ್ದು ಕಪ್ಪು ಮಾತ್ರ. ಆ ಕಪ್ಪೆಲ್ಲ ರಕ್ತ, ಅವ್ವನ ಹೊಟ್ಟೆಯೊಳಗೆ ಸೋರಿ ನಿಂತದ್ದು, ಎಂದು ಅವರು ಹೇಳಿದರು. ಗರ್ಭಕೋಶ ಖಾಲಿಯಿದೆ, ಗರ್ಭ ಬಲಗಡೆಯ ನಾಳದಲ್ಲಿ ನಿಂತಿತ್ತು, ನಾಳ ಒಡೆದಿದೆ, ತಕ್ಷಣ ಹೊಟ್ಟೆ ತೆರೆಯಬೇಕು. ಅವರು ಹೇಳುತ್ತಲೇ ಇದ್ದರು. ನಾನು ಸಹಿ ಹಾಕುತ್ತಲೇ ಇದ್ದೆ.

ಗರ್ಭಕೋಶದ ಎರಡು ಪಕ್ಕಕ್ಕೆ ಒಂದೊಂದು ಅಂಡನಾಳವಿರುತ್ತದೆ ಎಂದು ನಾನು ಓದಿದ್ದೆ. ನಾಳದ ತುದಿಯಲ್ಲಿ ಬೆರಳುಗಳಂಥ ಅಂಚು. ಅಂಡಾಶಯದಿಂದ ಹೊರಬಿದ್ದ ಅಂಡಾಣುವನ್ನು ಆ ಅಂಚು ಒಳಗೆ ಸೆಳೆದುಕೊಳ್ಳುತ್ತದೆ. ವೀರ್ಯಾಣು ಅಂಡಾಣುವನ್ನು ಕೂಡುವುದು ಬಹಳ ಜನ ತಿಳಿದಂತೆ ಗರ್ಭಕೋಶದಲ್ಲಲ್ಲ, ಈ ನಾಳದಲ್ಲಿಯೇ. ಕೂಡಿದ ಮೇಲೆ ಅದು ನಾಳದಲ್ಲಿ ಕೆಲವು ದಿನ ಸಾಗಿ ಬಂದು ಗರ್ಭಕೋಶದ ಗೋಡೆಯಲ್ಲಿ ನೆಲೆಸಬೇಕು. ಇಷ್ಟನ್ನು ಚಿತ್ರ ಸಮೇತ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ವೈದ್ಯೆ ಕೈತೊಳೆಯುತ್ತ ಹೇಳಿದ್ದು ನನ್ನ ಚಿತ್ರದಲ್ಲಿ ಇರಲಿಲ್ಲ. ಕಟ್ಟಿ ಕತ್ತರಿಸಿದ ನಾಳದ ತುದಿಗಳು ಎಷ್ಟೋ ವರ್ಷಗಳ ಮೇಲೆ, ಅಪರೂಪಕ್ಕೆ, ತಾವಾಗಿಯೇ ಮತ್ತೆ ಕೂಡಿಕೊಳ್ಳುತ್ತವಂತೆ. ಕೂಡಿದ ಜಾಗದಲ್ಲಿ ದಾರಿ ಬಲು ಕಿರಿದು. ವೀರ್ಯಾಣು ನುಸುಳಿ ಹೋಗಬಲ್ಲದು. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ, ಫಲಿತವಾದ ಅಂಡ ಅದೇ ದಾರಿಯಲ್ಲಿ ಗರ್ಭಕೋಶದ ಕಡೆಗೆ ಬರಲಾರದು. ಅದು ನಾಳದಲ್ಲಿಯೇ ಬೇರು ಬಿಡುತ್ತದೆ. ಗರ್ಭಕೋಶದಂತೆ ಹಿಗ್ಗುವ ಗುಣ ನಾಳಕ್ಕಿಲ್ಲ.

"ಹಾಗಾದರೆ ಭುಜ?" ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು.

ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ಒಂದು ಸ್ನಾಯುಪರದೆ ಇದೆ; ಶಾಲೆಯಲ್ಲಿ ಅದನ್ನು ವಪೆ ಎಂದು ಕಲಿತಿದ್ದೆ. ಹೊಟ್ಟೆಯಲ್ಲಿ ತುಂಬಿದ ರಕ್ತ ಅದಕ್ಕೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಎರಡರ ನರಗಳೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುತ್ತವೆ ಎಂದರು ವೈದ್ಯೆ. ಹೇಳಿ ಒಳಗೆ ಹೋದರು. ನನ್ನ ಬೆರಳುಗಳಲ್ಲಿ ಇನ್ನೂ ಮುಲಾಮಿನ ವಾಸನೆಯಿತ್ತು.

ಬೆಂಚಿನ ಮೇಲೆ ಅತ್ತೆ ಸೆರಗು ಹೊದ್ದು ಕುಳಿತಿದ್ದಳು. ನಾನು ಕುಳಿತ ಕೂಡಲೇ ಅವಳು ಕೇಳಿದ ಮೊದಲ ಪ್ರಶ್ನೆ ಅವ್ವ ಉಳಿಯುತ್ತಾಳೋ ಇಲ್ಲವೋ ಎಂಬುದಲ್ಲ.

"ಆಪರೇಷನ್ ಆದಾಕಿಗೆ ಬಸುರು ಹ್ಯಾಂಗ ನಿಲ್ಲತೈತಿ?"

"ನಾಳ ತಾನ ಕೂಡಿಕೊಂಡಿತ್ತಂತ ಅತ್ತಿ. ಡಾಕ್ಟರೇ ಹೇಳಿದ್ರು."

"ಕೊಯ್ದದ್ದು ಕೂಡತೈತೇನು? ನನಗೂ ಆಗೈತಿ ಆಪರೇಷನ್. ನಂದ್ಯಾಕ ಕೂಡಲಿಲ್ಲ?" ಅವಳು ದನಿ ತಗ್ಗಿಸಿದಳು. "ನೋಡು, ನಾ ಏನೂ ಅನ್ನಾಂಗಿಲ್ಲ. ನಿಮ್ಮಪ್ಪ ಕೇಳಿದ್ರ ಏನಂತ ಹೇಳ್ತಿ, ಅದನ್ನ ಈಗ ವಿಚಾರ ಮಾಡು."

ಅಪ್ಪ ಬಂದಾಗ ಅವನ ಮೊಣಕಾಲಿನವರೆಗೆ ಸಿಮೆಂಟು ಒಣಗಿ ಹತ್ತಿತ್ತು. ನಡು ಕೆಲಸದಲ್ಲಿ ಸ್ಲ್ಯಾಬ್ ಬಿಟ್ಟು ಬಂದಿದ್ದನು. ನಾನು ಎದ್ದು ನಿಂತೆ. ನಮ್ಮ ಓಣಿಯಲ್ಲಿಯೇ ಇಂಥದೊಂದು ಸಂಶಯದ ಮಾತಿಗೆ ತವರಿಗೆ ಅಟ್ಟಿಸಿಕೊಂಡ ಹೆಂಗಸನ್ನು ನಾನು ನೋಡಿದ್ದೆ. ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿ ಮುಗಿಸಬೇಕಾಗಿತ್ತು. ಅಪ್ಪನೆದುರು ಎಂದೂ ಬಳಸದ ಪದಗಳನ್ನು ಒಂದರ ಹಿಂದೆ ಒಂದು ಬಳಸಿದೆ. ಅಂಡಾಶಯ, ಅಂಡನಾಳ, ವೀರ್ಯಾಣು, ಗರ್ಭಕೋಶ. ಎರಡೂ ತೋಳುಗಳನ್ನು ಅಗಲಿಸಿ, ನನ್ನ ಮೈಯನ್ನೇ ಗರ್ಭಕೋಶವಾಗಿಸಿ, ತೋಳುಗಳನ್ನು ನಾಳವಾಗಿಸಿ ತೋರಿಸಿದೆ. ಮುಂಗೈ ಹಿಡಿದು, ಇಲ್ಲಿ ಕತ್ತರಿಸಿದ್ದರು, ಇಲ್ಲಿ ಕೂಡಿಕೊಂಡಿದೆ, ಇದು ಅಪರೂಪ, ಆದರೆ ಆಗುತ್ತದೆ, ಇದರಲ್ಲಿ ಅವ್ವನ ತಪ್ಪು ಏನೂ ಇಲ್ಲ ಎಂದೆ. ಎದುರಿನ ಬೆಂಚಿನಲ್ಲಿ ಕುಳಿತಿದ್ದ ಅಪರಿಚಿತರಿಬ್ಬರು ನನ್ನನ್ನೇ ನೋಡುತ್ತಿದ್ದರು. ನನ್ನ ದನಿ ತರಗತಿಯಲ್ಲಿ ಪಾಠ ಒಪ್ಪಿಸುವವಳ ದನಿಯಂತಿತ್ತು.

ಅಪ್ಪ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನೆಲ ನೋಡಿದನು, ಗೋಡೆ ನೋಡಿದನು. ಅವನ ಕಿವಿಗಳು ಕೆಂಪಾಗಿದ್ದವು. ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಒಳಗಿನಿಂದ ನರ್ಸ್ ಕೈಸನ್ನೆ ಮಾಡಿ ಅವನನ್ನು ಕೌಂಟರಿನತ್ತ ಕರೆದಳು. ಅವಳೊಂದಿಗೆ ಎರಡು ಮಾತಾಡಿ, ನಮ್ಮ ಕಡೆ ತಿರುಗಿಯೂ ನೋಡದೆ, ಅವನು ಮೆಟ್ಟಿಲಿಳಿದು ಹೊರಟುಹೋದನು.

"ಹೋದ," ಎಂದಳು ಅತ್ತೆ.

ಬಾಗಿಲಿನ ಆಚೆ ಅವ್ವನ ಹೊಟ್ಟೆ ತೆರೆದಿದ್ದರು. ಅವಳು ಉಳಿದು ಹೊರಬಂದರೂ ಯಾವ ಮನೆಗೆ ಕರೆದೊಯ್ಯಬೇಕು ಎಂದು ನಾನು ಯೋಚಿಸತೊಡಗಿದ್ದೆ. ಹಾಸ್ಟೆಲ್‌ನಲ್ಲಿ ಒಂದು ಮಂಚ. ಊರಿನಲ್ಲಿ ಅಜ್ಜಿ. ಅಜ್ಜಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಹೀಗೆ ಏನೇನೋ. ಫೋನು ಮಾಡಿದರೆ ಅಪ್ಪ ಎತ್ತಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಮತ್ತೆ ಮೆಟ್ಟಿಲೇರಿ ಬಂದನು. ಕೈಯಲ್ಲಿ ಒಂದು ಥರ್ಮಾಕೋಲ್ ಡಬ್ಬಿಯಿತ್ತು. ಅದನ್ನು ನರ್ಸಿನ ಕೈಗೆ ಕೊಟ್ಟು ಬಂದು ಬೆಂಚಿನ ತುದಿಯಲ್ಲಿ ಕುಳಿತಾಗ, ಅವನ ಮೊಣಕೈಯ ಒಳಮಗ್ಗುಲಲ್ಲಿ ಹತ್ತಿಯ ಉಂಡೆ ಅಂಟಿಸಿದ್ದು ಕಂಡಿತು. ರಕ್ತನಿಧಿಗೆ ಹೋಗಿ, ತನ್ನ ರಕ್ತ ಕೊಟ್ಟು, ಅವ್ವನ ಗುಂಪಿನ ರಕ್ತ ತಂದಿದ್ದನು.

ನಾನು ಮತ್ತೆ ಆರಂಭಿಸಿದೆ. "ಅಪ್ಪಾ, ನಾಳ ಅನ್ನೂದು ಹ್ಯಾಂಗ ಇರ್ತೈತಂದ್ರ..."

"ಸಾಕ ಮಗಳ," ಎಂದನು ಅಪ್ಪ. "ಮುಂಜಾನಿಂದ ಯಾಕ ನನಗಿದನ್ನ ಹೇಳಾಕತ್ತೀ? ನಾ ಆಕಿ ಮ್ಯಾಲ ಶಕ್ ಪಟ್ಟೀನೇನು?"

"ಮತ್ತ ನನ್ನ ಮುಖಾನ ನೋಡವಲ್ಲಿ ನೀನು."

"ಹ್ಯಾಂಗ ನೋಡ್ಲಿ?" ಅವನು ಸಿಮೆಂಟಿನ ಪಾದಗಳನ್ನೇ ನೋಡುತ್ತಿದ್ದನು. "ಲಗ್ನಕ್ಕ ಬಂದ ಮಗಳು ನೀ. ಈ ವಯಸ್ಸಿನ್ಯಾಗ ನಮ್ಮಿಂದ ಇದೊಂದು ಆತು. ನೀ ನೋಡಿದ್ರ ನಾಕ ಮಂದಿ ಮುಂದ ಕೈಕಾಲು ಮಾಡಿ ತೋರಸಾಕತ್ತಿ. ನನಗ ಭೂಮಿ ಬಾಯಿ ತಗದ್ರ ಒಳಗ ಹೋಗಂಗಾತು."

ಅತ್ತೆ ಗಂಟಲು ಸರಿಮಾಡಿಕೊಂಡಳು. "ಅಲ್ಲೋ ತಮ್ಮಾ, ಆಪರೇಷನ್ ಆದಾಕಿಗೆ..."

"ಅಕ್ಕಾ," ಎಂದನು ಅಪ್ಪ, ದನಿ ಏರಿಸದೆ. "ಅದು ನಂದು. ಇನ್ನೊಂದು ಮಾತ ಆಡಬ್ಯಾಡ."

ಎದುರಿನ ಬೆಂಚಿನ ಅಪರಿಚಿತರಿಬ್ಬರೂ ಇತ್ತ ತಿರುಗಿದರು. ಕೌಂಟರಿನ ನರ್ಸ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಕನ್ನಡ ಬಾರದ ಅವಳಿಗೂ ಏನೋ ಅರ್ಥವಾದಂತಿತ್ತು. ನಾನು ಮೊದಲ ಸಲ ಒಂದು ಸರಳವಾದ ವಿಷಯವನ್ನು ತಿಳಿದು ಬೆಚ್ಚಿಬಿದ್ದೆ. ಒಂದೇ ಖೋಲಿಯ ಮನೆ ನಮ್ಮದು. ನಾನು ಅಮೀರ್‌ಪೇಟ್‌ಗೆ ಹೋದ ಮೇಲೆ ಆ ಖೋಲಿಯಲ್ಲಿ ಅವರಿಬ್ಬರೇ ಇದ್ದರು. ಇಡೀ ಸಂತಾನೋತ್ಪತ್ತಿ ವ್ಯೂಹವನ್ನು ಬಾಯಿಪಾಠ ಮಾಡಿದ್ದ ನನ್ನ ತಲೆಗೆ, ಅಪ್ಪ ಅವ್ವ ಗಂಡಹೆಂಡತಿ ಎಂಬುದು ಎಂದೂ ಹೊಳೆದಿರಲಿಲ್ಲ. ನನ್ನ ಕಿವಿಯೂ ಕೆಂಪಾಗಿರಬೇಕು. ನಾವಿಬ್ಬರೂ ಬೇರೆ ಬೇರೆ ಗೋಡೆಗಳನ್ನು ನೋಡುತ್ತ ಕುಳಿತೆವು.

ಅವ್ವ ಉಳಿದಳು. ಒಡೆದ ನಾಳವನ್ನು ತೆಗೆದಿದ್ದರು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ಹಾಗೆಯೇ ಉಳಿಸಿದ್ದರು. ಮರುದಿನ ಬೆಳಿಗ್ಗೆ ಅವಳಿಗೆ ಪೂರ್ತಿ ಎಚ್ಚರವಾದಾಗ ನಾನೊಬ್ಬಳೇ ಪಕ್ಕದಲ್ಲಿದ್ದೆ. ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಏನಾಗಿತ್ತು ಎಂದು ಅವಳು ಕೇಳಲೇ ಇಲ್ಲ.

"ನಿನಗ ಗೊತ್ತಿತ್ತೇನವ್ವಾ?" ಎಂದು ನಾನೇ ಕೇಳಿದೆ.

"ಗೊತ್ತಿತ್ತು ಅನ್ನೂದೇನು. ಎರಡು ಹಡದಾಕಿ ನಾ. ಮೈ ಹೇಳತಿತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಮುಟ್ಟು ನಿಲ್ಲೂ ವಯಸ್ಸು, ಅದಕ್ಕ ಹಿಂಗ ಆಗತೈತಿ ಅಂತ ನನಗ ನಾನ ಹೇಳಿಕೊಂಡೆ. ಯಾರ ಮುಂದ ಹೇಳ್ಲಿ? ಆಪರೇಷನ್ ಆದಾಕಿ ಬಸುರದೀನಿ ಅಂದ್ರ ಯಾರ ನಂಬ್ತಾರ?"

ನೋವಿಗಿಂತ, ಸಾವಿಗಿಂತ ಅವಳು ಹೆಚ್ಚು ಅಂಜಿದ್ದು ಇದಕ್ಕೆ. ಎರಡು ದಿನ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವಾಗ ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಿದ್ದಳು.

"ನಿಮ್ಮಪ್ಪ ಏನಂದ?" ಎಂದು ಅವಳು ಕೇಳಿದಳು. ಸಲೈನಿನ ನಳಿಕೆ ಹಾಕಿದ ಕೈ ಹಾಸಿಗೆಯ ಅಂಚನ್ನು ಹಿಡಿದುಕೊಂಡಿತ್ತು.

"'ಅದು ನಂದು' ಅಂದ."

ಅವಳು ನನ್ನನ್ನೇ ನೋಡಿದಳು. "ಯಾರ ಮುಂದ?"

"ಅತ್ತಿ ಮುಂದ. ನರ್ಸ್ ಮುಂದ. ಇನ್ನಿಬ್ಬರು ಯಾರೋ ಕುಂತಿದ್ರು, ಅವರ ಮುಂದನೂ."

ಅವ್ವ ಇನ್ನೊಂದು ಕೈಯಿಂದ ಹೊದಿಕೆಯ ಅಂಚನ್ನು ಮುಖದ ಮೇಲಕ್ಕೆ ಎಳೆದುಕೊಂಡಳು. "ನಾಚಿಕಿ ಇಲ್ಲದಾಂವ," ಎಂಬುದು ಒಳಗಿನಿಂದ ಕೇಳಿಸಿತು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಹೆದರಿ ಭುಜದ ಮೇಲೆ ಕೈಯಿಟ್ಟೆ.

"ನೋಯಾಕತ್ತೈತೇನು? ಡಾಕ್ಟರನ್ನ ಕರೀಲೇನು?"

"ಇಲ್ಲ," ಎಂದಳು ಹೊದಿಕೆಯೊಳಗಿಂದ. "ಸುಮ್ಮ ತಿಕ್ಕು."