ಕೂಗಿದ ತಪ್ಪಿಗೆ

1989ರಲ್ಲಿ ನಾನು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ, ಕಾರುಗಳಿಗೆ ರಬ್ಬರಿನ ಬಿಡಿಭಾಗ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ಪ್ರೊಡಕ್ಷನ್ ಎಂಜಿನಿಯರ್ ಆಗಿದ್ದೆ. ಮಾಲೀಕ ಇಂಗ್ಲೆಂಡಿನವನು. ನಿಜವಾದ ಹೆಸರು ಬೇಡ, ವಾಲ್ಟರ್ ಎನ್ನೋಣ. ಚುರುಕು ವ್ಯಾಪಾರಿ, ಮಾತುಗಾರ. ಆ ವರ್ಷ ಆತ ಹೊಸ ನಿಯಮ ತಂದ: ಮೆಷಿನ್‌ಗಳ ಬಳಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ವಿಯೆಟ್ನಾಮಿನಿಂದಲೋ ಟರ್ಕಿಯಿಂದಲೋ ಬಂದವರು. ಊಟದ ಹೊತ್ತಿನಲ್ಲೂ ಪಿಸುಗುಟ್ಟತೊಡಗಿದರು.

ನಮ್ಮಲ್ಲಿ ಮಿಲ್ ಎಂಬ ಯಂತ್ರವಿತ್ತು. ಎದುರುಬದುರು ತಿರುಗುವ ಎರಡು ದಪ್ಪ ಉಕ್ಕಿನ ಉರುಳೆಗಳು. ನಡುವೆ ಹಾಕಿದ ರಬ್ಬರ್ ಹಾಳೆಯಾಗಿ ಬರುತ್ತದೆ. ಬ್ರೇಕ್ ಒತ್ತಿದರೂ ಅವು ತಕ್ಷಣ ನಿಲ್ಲುವುದಿಲ್ಲ. ಒಂದು ಬೆಳಿಗ್ಗೆ ಹುಂಗ್ ಎಂಬಾತ ಆಫ್ ಆಗಿದ್ದ ಮಿಲ್‌ನೊಳಗೆ ಬಗ್ಗಿ, ಅಂಟಿದ ರಬ್ಬರ್ ಕೀಳುತ್ತಿದ್ದ. ಅದು ಕಾಣದೆ ಆಚೆ ಬದಿಯವನು ಸ್ವಿಚ್ ಕಡೆ ಕೈ ಚಾಚಿದ. ಪಕ್ಕದ ಮಿಲ್‌ನಲ್ಲಿದ್ದ ಲಾನ್ ಎಂಬಾಕೆ ತಮ್ಮಿಬ್ಬರ ವಿಯೆಟ್ನಾಮೀ ಭಾಷೆಯಲ್ಲಿ ಗಂಟಲು ಹರಿಯುವಂತೆ ಕೂಗಿದಳು. ಹುಂಗ್ ಕೈ ಕಿತ್ತುಕೊಂಡ, ಉರುಳೆ ತಿರುಗಿತು. ನಾನು ಹತ್ತಿರದಲ್ಲೇ ಇದ್ದೆ.

ಸಂಜೆಯೊಳಗೆ ಲಾನ್‌ಳನ್ನು ಕೆಲಸದಿಂದ ತೆಗೆದರು. ನಿಯಮ ಮುರಿದಳಂತೆ! ನಾನು ನೇರವಾಗಿ ವಾಲ್ಟರ್ ಕೋಣೆಗೆ ನುಗ್ಗಿದೆ.

"ನಿಯಮ ಅಂದರೆ ನಿಯಮ, ಮೂರ್ತಿ. ಇಂಗ್ಲಿಷಿನಲ್ಲಿ ಕೂಗಬಹುದಿತ್ತಲ್ಲ?" ಎಂದ.

"ಹುಂಗ್‌ಗೆ ಇಂಗ್ಲಿಷ್ ಬರುವುದಿಲ್ಲ. ಅರ್ಥವಾಗುವಷ್ಟರಲ್ಲಿ ಅವನ ಕೈ ಹೋಗಿರುತ್ತಿತ್ತು."

"ಹೋಗಲಿಲ್ಲವಲ್ಲ," ಎಂದು ಆತ ಫೋನ್ ಎತ್ತಿಕೊಂಡ.

ಆ ಮಾತು ಇವತ್ತಿಗೂ ಮೈ ಉರಿಸುತ್ತದೆ. ಯೂನಿಯನ್‌ನವರು ದೂರು ಕೊಟ್ಟು, ವಿಚಾರಣೆಯಲ್ಲಿ ಸಾಕ್ಷಿ ಹೇಳುತ್ತೀರಾ ಎಂದು ಕೇಳಿದರು. ಮನೆಯಲ್ಲಿ ಹೆಂಡತಿ ಸುಧಾಗೆ ಹೇಳಿದೆ. "ಹೋಗಿ ಹೇಳಿ ಬನ್ನಿ," ಎಂದಳು. "ಇಲ್ಲದಿದ್ದರೆ ಜೀವನಪೂರ್ತಿ ನನ್ನ ಮೇಲೆ ರೇಗಾಡ್ತೀರಿ."

ವಿಚಾರಣೆಯಲ್ಲಿ ಉರುಳೆಗಳು ಹೇಗೆ ತಿರುಗುತ್ತವೆ, ಮನುಷ್ಯನಿಗೆ ಎಷ್ಟು ಸಮಯ ಸಿಗುತ್ತದೆ ಎಂದು ವಿವರಿಸಿದೆ. ಲಾನ್‌ಗೆ ಕೆಲಸ ಮರಳಿ ಸಿಕ್ಕಿತು, ನಿಯಮವೂ ರದ್ದಾಯಿತು. ಕೆಲವು ತಿಂಗಳ ನಂತರ ನನ್ನ ಹುದ್ದೆಯೇ ಬೇಡವಾಯಿತು! ರಿಸೆಷನ್ ಎಂದರು. ಸಾಮಾನು ಕಟ್ಟಿಕೊಂಡು ಸಿಡ್ನಿಗೆ ಹೋದೆವು.

ವಾಲ್ಟರ್ ಫ್ಯಾಕ್ಟರಿ ಮಾರಿ ಇಂಗ್ಲೆಂಡಿಗೆ ಮರಳಿದ, ಚುನಾವಣೆಗೆ ನಿಂತು ಪಾರ್ಲಿಮೆಂಟ್ ಸದಸ್ಯನೂ ಆದ. ತೊಂಬತ್ತರ ದಶಕದ ಕೊನೆಗೆ ವ್ಯಾಪಾರ ನಿಯೋಗವೊಂದರ ಜೊತೆ ಸಿಡ್ನಿಗೆ ಬಂದಾಗ, ನಮ್ಮ ಭಾರತೀಯರೇ ಔತಣ ಏರ್ಪಡಿಸಿ ಗಂಧದ ಹಾರ ಹಾಕಿದರು. ನಾನೂ ಸುಧಾಳೂ ಅಲ್ಲಿದ್ದೆವು. ಆತ ಕೈಮುಗಿದು ಭಾಷಣ ಶುರುಮಾಡಿದ: "ನನ್ನ ಮೆಲ್ಬರ್ನ್ ಫ್ಯಾಕ್ಟರಿಯಲ್ಲಿ ಹತ್ತಾರು ಭಾಷೆಗಳು ಕೇಳಿಸುತ್ತಿದ್ದವು. ಅದೇ ನನ್ನ ರಾಜಕೀಯದ ಪಾಠಶಾಲೆ."

ಚಪ್ಪಾಳೆ ನಿಂತ ಮೇಲೆ ನಾನು ಎದ್ದೆ. "ಲಾನ್ ನೆನಪಿದ್ದಾಳೆಯೇ?"

"ಎಷ್ಟೋ ಒಳ್ಳೆಯ ಕೆಲಸಗಾರರಿದ್ದರು..." ಎಂದು ಮುಗುಳ್ನಕ್ಕ.

"ಅವಳು ಒಬ್ಬನ ಕೈ ಉಳಿಸಿದಳು. ತನ್ನ ಭಾಷೆಯಲ್ಲಿ ಕೂಗಿ ಉಳಿಸಿದಳೆಂದು ನೀವು ಅವಳನ್ನು ಮನೆಗೆ ಕಳಿಸಿದಿರಿ."

ಆ ನಗು ಮುಖದಲ್ಲೇ ಹೆಪ್ಪುಗಟ್ಟಿತು. ಸಂಘಟಕರೊಬ್ಬರು ಓಡಿಬಂದು ನನ್ನ ತೋಳು ಹಿಡಿದರು. "ಅತಿಥಿಗಳ ಎದುರು ಹೀಗಾ, ಮೂರ್ತಿಯವರೇ?" ನಾನು ಊಟ ಮಾಡದೆ ಹೊರಗೆ ಬಂದೆ. ಸುಧಾ ಕೂಡ ತಟ್ಟೆ ಬಿಟ್ಟು ನನ್ನ ಹಿಂದೆಯೇ ಬಂದಳು.

ಮೂವತ್ತು ವರ್ಷಕ್ಕೂ ಮೀರಿದ ಎಂಜಿನಿಯರಿಂಗ್ ನನಗೆ ಕಲಿಸಿದ್ದು ಇಷ್ಟು: ಆದ ಅಪಘಾತಕ್ಕೆ ರಕ್ತದ ಕಲೆಯಾದರೂ ಸಾಕ್ಷಿ ನುಡಿಯುತ್ತದೆ. ತಪ್ಪಿದ ಅಪಘಾತಕ್ಕೆ ನೋಡಿದವರ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ಆ ಬಾಯಿ ಮುಚ್ಚಿದರೆ ತಪ್ಪಿಸಿದವರಿಗೆ ಶಿಕ್ಷೆ, ಶಿಕ್ಷಿಸಿದವರಿಗೆ ಹಾರ.