ಕುರುಬನ ಕೀರ್ತನೆಯ ಚುಕ್ಕೆಗಳು

ಗಂಡ ಸತ್ತಾಗ ನಾನು ಅಳಲಿಲ್ಲ. ತಾಳಿಕೋಟೆಯ ನಮ್ಮ ಓಣಿಯ ಹೆಂಗಸರಿಗೆ ಅದೊಂದು ದೊಡ್ಡ ಚಿಂತೆಯಾಗಿತ್ತು. ಬಂದವರು ಮೊದಲು ನನ್ನ ಕಣ್ಣು ನೋಡುತ್ತಿದ್ದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಅತ್ತ ಬಿಡವ್ವಾ, ಎದಿ ಹಗುರ ಆಕ್ಕೈತಿ" ಎನ್ನುತ್ತಿದ್ದರು. ಎದೆ ಭಾರವಾಗಿದ್ದರೆ ತಾನೆ ಹಗುರವಾಗುವುದು? ನನಗೆ ಏನೂ ಆಗುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ. ರೊಟ್ಟಿ ಬಡಿಯುವಾಗ ಹಂಚು ಸುಟ್ಟರೂ ತಡವಾಗಿ ಗೊತ್ತಾಗುತ್ತಿತ್ತು.

ಅದು ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಗಂಡ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಬೀಜ ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ತುಂಬುವ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಅರಳೆ ಕೂತಿರುತ್ತಿತ್ತು. ಕೆಮ್ಮುತ್ತಿದ್ದರು. "ಧೂಳಿಂದು, ಬಿಡು" ಎನ್ನುತ್ತಿದ್ದರು. ಕಡೆಕಡೆಗೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು; ಕೇಳಿದರೆ ಬೆನ್ನುನೋವು ಎನ್ನುತ್ತಿದ್ದರು. ಬೆನ್ನಿಗೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು ನಾನು. ಒಂದು ಮಧ್ಯಾಹ್ನ ಜಿನ್ನಿನ ಅಂಗಳದಲ್ಲಿ ಕುಸಿದರು. ಬಿಜಾಪುರದ ದವಾಖಾನೆ ಮುಟ್ಟಿಸಿದೆವು, ಆದರೆ ಅವರು ಕಣ್ಣು ತೆರೆಯಲಿಲ್ಲ. ಅಲ್ಲಿಯ ಡಾಕ್ಟರು ಕೈ ತೊಳೆದುಕೊಳ್ಳುತ್ತ ಹೇಳಿದರು: "ಎದಿ ಪೂರಾ ಹೋಗೇತಿ. ಇದು ಇವತ್ತಿಂದಲ್ಲವ್ವಾ, ಭಾಳ ವರ್ಷದ್ದು. ಅವರಿಗೆ ಗೊತ್ತ ಇದ್ದಿರಬೇಕಲ್ಲ?"

ನನ್ನಲ್ಲಿ ಉಳಿದದ್ದು ಆ ಒಂದು ಮಾತು. ಅವರಿಗೆ ಗೊತ್ತಿತ್ತೆ? ಗೊತ್ತಿರಲಿಲ್ಲ ಎಂದರೆ ಸಾವು ಬಂತು, ಹೋದರು, ಅಷ್ಟೆ. ಗೊತ್ತಿತ್ತು ಎಂದರೆ ಒಂದೇ ಒಲೆಯ ಊಟ ಉಂಡು, ಒಂದೇ ಕಂಬಳಿ ಹೊದ್ದು, ನನ್ನಿಂದ ಅದನ್ನು ಮುಚ್ಚಿಟ್ಟಿದ್ದರು. ಇದು ತಿಳಿಯದೆ ನಾನು ಯಾವ ಬಗೆಯ ಹೆಂಡತಿಯಾಗಿ ಅಳಬೇಕು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ನಮ್ಮದು ಕ್ರೈಸ್ತರ ಮನೆ. ಈ ಸೀಮೆಯಲ್ಲಿ ನಾವು ಗಂಗಾಳದಲ್ಲಿ ಚಟ್ನಿ ಇದ್ದಷ್ಟು ಜನ. ಇಂಡಿಯಲ್ಲಿ ಕೆಲವು ಮನೆ, ಸಿಂದಗಿಯಲ್ಲಿ ಕೆಲವು, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಇನ್ನಷ್ಟು. ಗುಡಿ ಇರಲಿಲ್ಲ, ಯಾರದೋ ಮನೆಯ ಪಡಸಾಲೆಯಲ್ಲಿ ಪ್ರಾರ್ಥನೆ. ಪಾದ್ರಿಯವರಿಗೆ ಎಲ್ಲ ಊರು ಸುತ್ತಿ ಮುಗಿಸುವುದರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ನಮ್ಮವರಲ್ಲಿ ಓದು ಬಲ್ಲವರು ಕಡಿಮೆ. ನಾನು ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೆ; ನನ್ನ ಗಂಡ ಮುಲ್ಕಿ ಪರೀಕ್ಷೆ ಪಾಸಾಗಿದ್ದರು, ದನಿಯೂ ಚೆನ್ನಾಗಿತ್ತು. ಹಾಗಾಗಿ ರವಿವಾರ ಬಂತೆಂದರೆ ಬೈಬಲ್ಲನ್ನು ಚೀಲಕ್ಕೆ ಹಾಕಿಕೊಂಡು ಕೆಂಪು ಬಸ್ಸು ಹತ್ತುತ್ತಿದ್ದರು. ಅವರು ಪ್ರಸಂಗ ಮಾಡಿ ಬೋಧಿಸುವವರಲ್ಲ, ಓದುವವರು. ಅವರೊಂದು ತುಣುಕು ಓದಬೇಕು, ಜನ ಅದನ್ನು ತಿರುಗಿ ಹೇಳಬೇಕು. ಹಾಗೆ ಹೇಳಿ ಹೇಳಿಯೇ ಅಕ್ಷರ ಬಾರದವರಿಗೂ ಕೀರ್ತನೆಗಳು ಬಾಯಿಪಾಠವಾಗಿದ್ದವು. ದೇವರನ್ನು ಕುರಿ ಕಾಯುವವನೆಂದು ಕರೆಯುವ ಕೀರ್ತನೆ ಎಲ್ಲ ಊರಲ್ಲೂ ಕೊನೆಗೆ ಬರಲೇಬೇಕು. ನಮ್ಮ ಜನ ಅದಕ್ಕೆ ಕುರುಬನ ಕೀರ್ತನೆ ಎನ್ನುತ್ತಿದ್ದರು. ಹೊಲದ ಬದುವಿನ ಮೇಲೆ ದಿನವೂ ಕುರಿಹಿಂಡು ನೋಡುವವರು, ಅವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿನ್ನ ಗಂಡ ನಡುನಡುವ ನಿಂತು ಓದೂದು ಕೇಳಿದ್ರ ಮೈ ಝುಂ ಅಂತೈತಿ" ಎಂದು ಯಾರೋ ಒಮ್ಮೆ ನನಗೆ ಹೇಳಿದ್ದರು. ನಾನು ನಕ್ಕಿದ್ದೆ. ಅವರ ಓದನ್ನು ನಾನು ಕೂತು ಕೇಳಿದ್ದು ಇಂಡಿಯಲ್ಲಿದ್ದಾಗ ಮಾತ್ರ. ಮದುವೆಯಾದ ಹೊಸದರಲ್ಲಿ ಅಲ್ಲಿ ಒಬ್ಬ ಮುದುಕಿಯ ಮನೆಯ ಒಂದು ಖೋಲಿ ಹಿಡಿದಿದ್ದೆವು, ಹಿತ್ತಿಲಲ್ಲಿ ನಿಂಬೆ ಗಿಡವಿತ್ತು. ಆ ಮುದುಕಿಯ ಪಡಸಾಲೆಯಲ್ಲೇ ಪ್ರಾರ್ಥನೆ. ಜಿನ್ನಿನ ಕೆಲಸಕ್ಕೆಂದು ತಾಳಿಕೋಟೆಗೆ ಬಂದ ಮೇಲೆ ಅವರೊಬ್ಬರೇ ತಿರುಗುತ್ತಿದ್ದರು. ಮನೆಯಲ್ಲಿ ದನಿ ತೆಗೆದು ಓದುವುದನ್ನು ಬಿಟ್ಟರು. ಇಂಡಿಗೆ ಹೋಗುವುದನ್ನೂ ಬಿಟ್ಟರು. "ದೂರ ಆಕ್ಕೈತಿ, ಬಸ್ಸಿನ ಟೈಮ ಸರಿ ಇಲ್ಲ" ಎಂದಿದ್ದರು. ನಾನು ನಂಬಿದ್ದೆ.

ಮಣ್ಣು ಮಾಡಿದ ಮರುದಿನ ಮೈದುನ ಸೊಲ್ಲಾಪುರದಿಂದ ಬಂದ. ಅಲ್ಲಿಯ ಬಟ್ಟೆ ಗಿರಣಿಯಲ್ಲಿದ್ದವನು. ತಂತಿ ತಡವಾಗಿ ಮುಟ್ಟಿತ್ತು, ಅಣ್ಣನ ಮುಖ ನೋಡಲು ಸಿಗಲಿಲ್ಲ. ನನ್ನ ಪಾಲಿನ ಅಳುವನ್ನೂ ಅವನೇ ಅತ್ತ. ಅತ್ತು ಮುಗಿದ ಮೇಲೆ ಅಣ್ಣನ ಬೈಬಲ್ ತೊಡೆಯ ಮೇಲಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಕೂಗಿದ: "ವೈನಿ, ಇಲ್ಲಿ ನೋಡ್ರಿ! ಅಣ್ಣ ಚುಕ್ಕಿ ಇಟ್ಟಾನ!"

ನಿಜ, ಚುಕ್ಕೆಗಳಿದ್ದವು. ಸಾಲಿನ ಕೆಳಗೆ, ಅಕ್ಷರಗಳ ನಡುವೆ, ಸೀಸದಕಡ್ಡಿಯ ಸಣ್ಣ ಸಣ್ಣ ಚುಕ್ಕೆಗಳು. ಕೆಲವು ಮಾಸಿದ್ದವು, ಕೆಲವು ಗಾಢ, ಕೆಲವು ನೀಲಿ ಬಾಲ್‌ಪೆನ್ನಿನವು. ಶನಿವಾರ ಸಂಜೆ ಅವರು ಪೆನ್ಸಿಲ್ ಹಿಡಿದು ಕೂರುವುದನ್ನು ನೋಡಿದ್ದೆ. ನಾಳೆಯ ಪಾಠಕ್ಕೆ ಗುರುತು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಮೈದುನನಿಗೆ ಅದು ಗುರುತಲ್ಲ, ಗುಟ್ಟು. ಸೊಲ್ಲಾಪುರಕ್ಕೆ ಬಂದ ಯಾರೋ ಪ್ರಸಂಗಿಯ ಮಾತು ಅವನ ತಲೆ ಹೊಕ್ಕಿತ್ತು. ಬೈಬಲ್ಲಿನ ಅಕ್ಷರಗಳ ಒಳಗೆ ದೇವರು ಇನ್ನೊಂದು ಮಾತು ಬಚ್ಚಿಟ್ಟಿದ್ದಾನಂತೆ. ಲೆಕ್ಕ ಹಾಕಿ ಅಕ್ಷರ ಆರಿಸಿ ಜೋಡಿಸಿದರೆ ಮುಂದಾಗುವುದೆಲ್ಲ ಹೊರಬೀಳುತ್ತದಂತೆ. "ಮ್ಯಾಲಿಂದು ಎಲ್ಲಾರೂ ಓದತಾರ ವೈನಿ. ಒಳಗಿಂದು ಖರೇ ವಿಶ್ವಾಸ ಇದ್ದವರಿಗಷ್ಟ ಕಾಣತೈತಿ. ಅಣ್ಣಗ ಕಂಡೈತಿ" ಎಂದ. ನೆರೆಮನೆಯ ರೈತನ ಹೆಂಡತಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಒಗಟಿನ ಮಾತಲ್ಲಿ ಕಾಲಜ್ಞಾನ ಹೇಳುವವರು ನಮ್ಮ ಕಡೆ ಮೊದಲಿನಿಂದಲೂ ಇದ್ದಾರೆ. "ನಿಮ್ಮ ಪುಸ್ತಕದಾಗೂ ಇರಬೇಕ ಬಿಡ್ರಿ" ಎಂದು ತನ್ನ ಮಗಳ ಪಾಟಿಯನ್ನೇ ತಂದುಕೊಟ್ಟಳು.

ಅವನು ಪಾಟಿಯ ಮೇಲೆ ಚುಕ್ಕೆಯ ಪಕ್ಕದ ಅಕ್ಷರಗಳನ್ನೆಲ್ಲ ಬರೆದ. ಅರ್ಥವಾಗಲಿಲ್ಲ. ತಿರುವಿ ಓದಿದ. ಒಂದು ಬಿಟ್ಟು ಒಂದು ಓದಿದ. ಒಲ್ಲದ ಅಕ್ಷರಗಳನ್ನು ಉಗುಳು ಹಚ್ಚಿ ಒರೆಸಿದ. ಕೊನೆಗೆ 'ನೀರು' ಎಂಬ ಮಾತು ಸಿಕ್ಕಿತು. "ನೀರು ಬರತೈತಿ ಅಂತ ಹೇಳ್ಯಾನ!" ಎಂದು ಎದ್ದು ನಿಂತ.

"ಆಲಮೇಲದ ಕಡೆ ಭೀಮಾ ಹೊಳಿಗಿ ವರ್ಷಾವರ್ಷ ನೀರು ಬರತೈತಿ. ಅದನ್ನ ಹೇಳಾಕ ದೇವರು ಇಷ್ಟ ಒದ್ದಾಡಬೇಕೇನೋ?" ಎಂದೆ.

ಅವನು ನಗಲಿಲ್ಲ. "ನಗಬ್ಯಾಡ್ರಿ ವೈನಿ. ನನಗ ಅಣ್ಣನ ಜೋಡಿ ಒಂದ ಮಾತ ಆಡಾಕ ಸಿಗಲಿಲ್ಲ. ಏನರ ಬಿಟ್ಟ ಹೋಗಿರಬೇಕಲ್ಲ ಅಂವಾ?" ಎಂದ. ಆಮೇಲೆ ನಾನು ಚೇಷ್ಟೆ ಮಾಡಲಿಲ್ಲ. ನಾನು ಹುಡುಕುತ್ತಿದ್ದುದೂ ಅದನ್ನೇ. ಅವನು ಪಾಟಿ ಹಿಡಿದಿದ್ದ, ನಾನು ಸುಮ್ಮನೆ ಕೂತಿದ್ದೆ, ಅಷ್ಟೇ ವ್ಯತ್ಯಾಸ.

ಅವರ ನೆನಪಿನ ಪ್ರಾರ್ಥನೆಗೆ ಎಲ್ಲ ಊರಿನವರೂ ಕರೆದರು. ಒಂದೊಂದು ರವಿವಾರ ಒಂದೊಂದು ಊರು. ಮೈದುನ ಗಿರಣಿಗೆ ಸೂಟಿ ಹಾಕಿ ನನ್ನ ಜೊತೆ ಬಂದ. ಮೊದಲು ಮುದ್ದೇಬಿಹಾಳ. ಅಲ್ಲಿ ಪಾದ್ರಿಯವರೂ ಬಂದಿದ್ದರು. ಮೈದುನ ಚುಕ್ಕೆಗಳನ್ನು ತೋರಿಸಿದ. ಪಾದ್ರಿಯವರು ಕನ್ನಡಕ ಮೇಲೇರಿಸಿ ನೋಡಿ, ಪುಸ್ತಕ ಮುಚ್ಚಿದರು. "ತಮ್ಮಾ, ದೇವರು ನಮ್ಮ ಜೋಡಿ ಕಣ್ಣಾಮುಚ್ಚಾಲಿ ಆಡಂಗಿಲ್ಲ. ಹೇಳೂದನ್ನ ಬಾಯಿ ಬಿಟ್ಟ ಹೇಳ್ಯಾನ. ಗುಟ್ಟಿನ ಮ್ಯಾಲ ನಿಂತ ವಿಶ್ವಾಸ, ಲೆಕ್ಕ ತಪ್ಪಿದ ದಿನ ಬೀಳತೈತಿ" ಎಂದರು. "ದೇವರ ಮಾತಿಗೆ ಬರೇ ಒಂದ ಅರ್ಥ ಅಂತ ಹೆಂಗ ಅಂತೀರಿ?" ಎಂದು ಮೈದುನ ಕೇಳಿದ. ಚಹಾ ಆರಿಹೋಗುವವರೆಗೆ ವಾದ ನಡೆಯಿತು. ಪಾದ್ರಿಯವರ ಮಾತು ಸರಿ ಎಂದು ನನ್ನ ಬುದ್ಧಿಗೆ ತೋರುತ್ತಿತ್ತು. ಆದರೆ ಅದರಿಂದ ನನಗೇನಾಯಿತು? ನನ್ನ ಗಂಡ ಬಾಯಿ ಬಿಟ್ಟು ಹೇಳಿರಲಿಲ್ಲ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನೂ ಮುಚ್ಚಿದೆ. ದೇವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮುಂದಿನ ರವಿವಾರ ಬಸವನ ಬಾಗೇವಾಡಿ. ಒಬ್ಬ ಟೇಲರನ ಮನೆ. ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ಚಾಪೆ ಹಾಸಿದ್ದರು. ನನ್ನ ಗಂಡ ಸಾಯುವ ಹಿಂದಿನ ರವಿವಾರವೂ ಇಲ್ಲಿಗೆ ಬಂದು ಓದಿದ್ದರು. ಅವರ ಹಾಗೆ ಓದುವವರು ಈಗ ಯಾರೂ ಇಲ್ಲ, ಆದ್ದರಿಂದ ಕುರುಬನ ಕೀರ್ತನೆಯನ್ನು ಬಾಯಿಪಾಠವಾಗಿಯೇ ಹೇಳೋಣ ಎಂದರು. ನಾನು ಅವರ ಬೈಬಲ್ ತೆಗೆದು ಆ ಪುಟದ ಮೇಲೆ ಕಣ್ಣಿಟ್ಟುಕೊಂಡು ಕೂತೆ.

ಹೇಳಲು ಶುರು ಮಾಡಿದರು. ಎರಡು ಮಾತು ಹೇಳಿ ನಿಂತರು. ಮತ್ತೆ ಒಂದು ಮಾತು, ಮತ್ತೆ ನಿಂತರು. ಹಸಿರು ಹುಲ್ಲಿನ ಮಾತು ಬರುವಲ್ಲಿ ಹಸಿರಿಗೂ ಹುಲ್ಲಿಗೂ ನಡುವೆಯೇ ನಿಂತರು. ಯಾರೂ ನಿಲ್ಲದ ಜಾಗ ಅದು, ಅರ್ಥಕ್ಕೆ ಬೇಕಾದ ಜಾಗವೂ ಅಲ್ಲ. ಆದರೂ ಗಂಡಸರು, ಹೆಂಗಸರು, ಮೂಗು ಸುರಿಸುವ ಮಕ್ಕಳು ಎಲ್ಲರೂ ಒಟ್ಟಿಗೆ ನಿಂತು, ಒಟ್ಟಿಗೆ ಉಸಿರೆಳೆದುಕೊಂಡು, ಮತ್ತೆ ಮುಂದುವರಿದರು. ನನ್ನ ಕಣ್ಣು ಪುಟದ ಮೇಲಿತ್ತು. ಅವರು ನಿಂತಲ್ಲೆಲ್ಲ ಚುಕ್ಕೆ ಇತ್ತು. ಒಂದೂ ತಪ್ಪಲಿಲ್ಲ.

ಆ ಜನರಲ್ಲಿ ಯಾರಿಗೂ ದಮ್ಮಿನ ರೋಗ ಇರಲಿಲ್ಲ. ನನ್ನ ಗಂಡನಿಗೆ ಉಸಿರು ಸಾಲದೆ ನಿಂತ ಜಾಗಗಳಲ್ಲಿ ಅವರು ಭಕ್ತಿಯಿಂದ ನಿಲ್ಲುತ್ತಿದ್ದರು.

ಹೊರಗೆ ಕಟ್ಟೆಯ ಮೇಲೆ ಕೂತು ಆ ಪುಟವನ್ನು ಮತ್ತೆ ನೋಡಿದೆ. ಮಾಸಿದ ಚುಕ್ಕೆಗಳು ಹಳೆಯವು, ದೂರ ದೂರ ಇದ್ದವು. ಅವುಗಳ ನಡುವೆ ಗಾಢವಾದವು. ಆ ಎರಡರ ನಡುವೆ, ಜಾಗ ಸಾಲದ ಕಡೆ ತುರುಕಿದಂತೆ, ನೀಲಿ ಚುಕ್ಕೆಗಳು. ಪ್ರತಿ ಶನಿವಾರ ಅವರು ಅಳೆದುಕೊಳ್ಳುತ್ತಿದ್ದರು, ನಾಳೆ ಎಲ್ಲಿಯವರೆಗೆ ಉಸಿರು ಎಳೆದೀತು ಎಂದು. ನಾನು ಅಲ್ಲೇ ಒಲೆಯ ಮುಂದೆ ಕೂತು ಪುಂಡಿಪಲ್ಲೆ ತಿರುವುತ್ತಿದ್ದೆ. ಗೊತ್ತಿತ್ತು. ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಸಿಟ್ಟು ಬಂತು, ಸತ್ತವರ ಮೇಲೆ ಬರಬಾರದಂಥ ಸಿಟ್ಟು. ಅಳು ಮಾತ್ರ ಆಗಲೂ ಬರಲಿಲ್ಲ.

ಸಿಂದಗಿಯ ಪ್ರಾರ್ಥನೆ ಮುಗಿಸಿ, ಸ್ಟ್ಯಾಂಡಿನಲ್ಲಿ ಇಂಡಿ ಬಸ್ಸಿಗೆ ಕಾಯುವಾಗ ಮೈದುನನಿಗೆ ಹೇಳಿದೆ. ಪುಟ ತೆಗೆದು ಬೆರಳಿಟ್ಟು ತೋರಿಸಿದೆ. ಅವನು ಬಹಳ ಹೊತ್ತು ಚುಕ್ಕೆಯಿಂದ ಚುಕ್ಕೆಗೆ ಉಸಿರು ಹಿಡಿದು ನೋಡಿದ. ನೀಲಿ ಚುಕ್ಕೆಗಳಿಗೆ ಬಂದಾಗ ಬಿಟ್ಟುಬಿಟ್ಟ.

"ಇಷ್ಟ ಸಣ್ಣ ಉಸಿರಿನ್ಯಾಗ ಯಂತ್ರಕ್ಕ ಹತ್ತಿ ಹಾಕತಿದ್ನಾ ವೈನಿ?" ಎಂದ. ಪುಸ್ತಕ ನನ್ನ ಕೈಗಿಡುತ್ತ, "ಅಣ್ಣಂದು ಹಂಗ ಇದ್ದೀತು. ದೇವರ ಗುಟ್ಟು ಬ್ಯಾರೆ ಐತಿ, ಅದೇನ ಸುಳ್ಳಾಗಂಗಿಲ್ಲ" ಎಂದೂ ಸೇರಿಸಿದ. ಅವನು ಮುದುಕನಾಗುವವರೆಗೂ ಆ ಲೆಕ್ಕ ಬಿಡಲಿಲ್ಲ. ಬೇಡ ಎಂದು ನಾನೂ ಹೇಳಲಿಲ್ಲ. ಅವನ ವಿಶ್ವಾಸಕ್ಕೆ ಅದು ಬೇಕಾಗಿತ್ತೇನೋ. ನನಗಂತೂ ದೇವರು ಇನ್ನೊಂದು ಮಾತು ಬಚ್ಚಿಡುವುದು ಬೇಡವಾಗಿತ್ತು. ಬಚ್ಚಿಟ್ಟದ್ದು ಮನೆಯಲ್ಲೇ ಸಾಕಷ್ಟಿತ್ತು.

ಇಂಡಿಯ ಮುದುಕಿ ಇನ್ನೂ ಗಟ್ಟಿಯಾಗಿದ್ದಳು. ನಾವು ಇದ್ದ ಖೋಲಿಯಲ್ಲಿ ಈಗ ಜೋಳದ ಚೀಲಗಳಿದ್ದವು. ನಿಂಬೆ ಗಿಡ ಗೋಡೆಗಿಂತ ಎತ್ತರವಾಗಿತ್ತು. "ನಿನ್ನ ಗಂಡ ಕಲಿಸಿದ್ದನ್ನ ನಾವೇನ ಮರತಿಲ್ಲ ಯವ್ವಾ" ಎಂದು ಎಲ್ಲರನ್ನೂ ಕೂರಿಸಿದಳು. ನಾನು ಅದೇ ಪುಟ ತೆಗೆದೆ. ಬಾಗೇವಾಡಿಯ ಹಾಗೆ ಇಲ್ಲಿಯೂ ನಿಲ್ಲುತ್ತಾರೆ, ಕೇಳಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ಕೂತೆ.

ಅವರು ನಿಲ್ಲಲಿಲ್ಲ. ಮೊದಲ ಚುಕ್ಕೆ ದಾಟಿತು, ಎರಡನೆಯದೂ ದಾಟಿತು. ಸಾಲಿಗೆ ಸಾಲನ್ನು ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋದರು. ಹಸಿರು ಹುಲ್ಲು, ನೀರು, ದಾರಿ ಎಲ್ಲ ಒಟ್ಟಿಗೆ ಬಂದವು. ಅವರಿಗೆ ಆ ಚುಕ್ಕೆಗಳು ಗೊತ್ತೇ ಇರಲಿಲ್ಲ; ಉಸಿರು ಸಾಲದಾದ ಮೇಲೆ ನನ್ನ ಗಂಡ ಇಲ್ಲಿಗೆ ಬಂದೇ ಇರಲಿಲ್ಲ. ಈ ಪಡಸಾಲೆಯಲ್ಲಿ ನನ್ನ ಗಂಡ ಓದಿದ್ದು ಹೀಗೆಯೇ, ನನಗೆ ನೆನಪಿತ್ತು. ಹಿತ್ತಿಲ ಬಾವಿಯಿಂದ ತುಂಬಿದ ಕೊಡ ಹೆಗಲ ಮೇಲಿಟ್ಟುಕೊಂಡು ಬರುತ್ತ ಇದೇ ಕೀರ್ತನೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ಮುದುಕಿ ನನ್ನ ಮುಖ ನೋಡಿ ಗಾಬರಿಯಾದಳು. "ಯಾಕ ಮಗಳ, ಇಷ್ಟ್ಯಾಕ ಅಳಾಕತ್ತಿ? ನಾವೇನರ ತಪ್ಪ ಹೇಳಿದಿವೇನು?"

"ಇಲ್ಲ ಆಯಿ, ಏನೂ ತಪ್ಪಿಲ್ಲ. ಇನ್ನೊಮ್ಮೆ ಹೇಳ್ರಿ" ಎಂದೆ.

ಅವರು ಇನ್ನೊಮ್ಮೆ ಹೇಳಿದರು, ಎಲ್ಲೂ ನಿಲ್ಲದೆ.