ಗೋರಿಯ ಮಡಕೆ ಕುಡಿದ ನೀರು

ದೆವ್ವ, ಪೀಡೆ, ಗಾಳಿ ಎಂದರೆ ನಗುತ್ತಿದ್ದವನು ನಾನು. ಮಣ್ಣು ಕಲಸಿ, ಬಡಿದು, ಸುಟ್ಟು ಬದುಕುವವನಿಗೆ ಕಣ್ಣಿಗೆ ಕಾಣದ್ದರ ಗೊಡವೆ ಏಕೆ? ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ದಿನದ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ.

ಆಗ ಕೊಡಗು ಬ್ರಿಟಿಷರ ಕೈಯಲ್ಲಿತ್ತು. ಸುಂಟಿಕೊಪ್ಪದ ಹತ್ತಿರ ಒಬ್ಬ ದೊರೆ ಕಾಫಿ ಹಾಕಲು ಗುಡ್ಡ ಕಡಿಸುವಾಗ ಒಂದು ಪಾಂಡವರ ಮನೆಯನ್ನು ಒಡೆಸಿದ. ಜನ ಹಾಗೆ ಕರೆಯುತ್ತಾರೆ ಅಷ್ಟೆ. ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ, ಯಾವ ಕಾಲದವರದೋ ಗೋರಿ ಅದು. ಒಳಗೊಂದು ಮಡಕೆ ಸಿಕ್ಕಿತು. ಬಾಯಿ ಕಪ್ಪು, ಹೊಟ್ಟೆ ಕೆಂಪು, ಮೈ ನುಣುಪು. ದೊರೆ ಅದನ್ನು ಬಂಗಲೆಯ ಜಗಲಿಯಲ್ಲಿಟ್ಟ. ಹೂವಿಡಲು ಅಂಥದೇ ಇನ್ನೊಂದು ಬೇಕೆಂದು ನನ್ನನ್ನು ಕರೆಸಿದ.

ಅಪ್ಪ ಬೇಡವೆಂದರು. "ಸತ್ತವರಿಗೆ ಇಟ್ಟ ಮಡಕೆ ನೋಡಿ ಬದುಕಿದವರಿಗೆ ಮಾಡ್ಬಾರ್ದು ಮಗ. ಮಾಡಿದ್ರೂ ತಳಕ್ಕೊಂದು ತೂತು ಹಾಕಿ ಕೊಡು."

ನಮ್ಮಲ್ಲಿ ಸಾವಿನ ಮಡಕೆಗೆ ತೂತು ಹಾಕುವುದುಂಟು, ನೀರು ಸತ್ತವರಿಗೆ ಸೇರಲೆಂದು. ತೂತಿನ ಮಡಕೆ ಕೊಟ್ಟು ಹೆಸರು ಕೆಡಿಸಿಕೊಳ್ಳಲೇ? ಹಳೆಯದರಂತೆಯೇ ಚಕ್ರ ಮುಟ್ಟದೆ ಮಡಕೆಯನ್ನು ಕೈಯಲ್ಲೇ ಬಡಿದು ಎತ್ತಿದೆ. ಬಾಯಿ ಕೆಳಗಾಗಿ ಭತ್ತದ ಹೊಟ್ಟಿನಲ್ಲಿ ಹೂತು ಸುಟ್ಟಾಗ ಆ ಕಪ್ಪೂ ಬಂತು. ನೀರು ತುಂಬಿಟ್ಟು ನೋಡಿ, ತಟ್ಟಿ ದನಿ ಕೇಳಿಯೇ ಕೊಟ್ಟೆ.

ವಾರ ಕಳೆಯುವುದರೊಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿಬಂದ. "ಎಂಥ ಮಾರಾಯ, ನಿನ್ನ ಮಡಕೆ ಸೋರ್ತದಂತೆ! ದೊರೆ ಬೆಂಕಿಯಾಗಿದ್ದಾರೆ."

ಸೋರುವುದೇ? ಕುಂಬಾರನಿಗೆ ಇದಕ್ಕಿಂತ ಹೊಲಸು ಬೈಗುಳ ಬೇರೆ ಇಲ್ಲ. ಆ ಮಾತು ಸಂತೆಗೆ ಮುಟ್ಟಿದರೆ ನನ್ನ ಮಡಕೆ ಕೊಳ್ಳುವವರು ಯಾರು? ನೆಟ್ಟಗೆ ಬಂಗಲೆಗೆ ಹೋದೆ. ಹಾಡುಹಗಲು. ಆಳುಗಳೆಲ್ಲರ ಎದುರಿಗೆ ದೊರೆ ನನ್ನನ್ನು ಮೋಸಗಾರನೆಂದ. ನಾನು ನನ್ನ ಮಡಕೆಗೆ ಕಂಠಮಟ್ಟ ನೀರು ತುಂಬಿ, ಜಗಲಿಯಲ್ಲಿ ಒಣ ಹಲಗೆಯ ಮೇಲಿಟ್ಟು ಎದುರಿಗೆ ಕೂತೆ. ದೊರೆಯೂ ಕುರ್ಚಿ ಹಾಕಿಸಿಕೊಂಡು ಕೂತ.

ನೀರು ಇಳಿಯತೊಡಗಿತು. ತಳ ಮುಟ್ಟಿ ನೋಡಿದೆ, ಒಣಗಿತ್ತು. ಹಲಗೆಯೂ ಒಣಗಿತ್ತು. ಹೊಸ ಮಡಕೆ ಬೆವರುವುದುಂಟು, ಅದೂ ಇಲ್ಲ. ನೋಡನೋಡುತ್ತ ಮಡಕೆ ಬರಿದಾಯಿತು.

ಜಗಲಿಯ ಆ ತುದಿಯಿಂದ ರೈಟರ್ ಕೂಗಿದ. "ಅಯ್ಯೋ, ಇಲ್ಲಿ ಬಂದು ನೋಡಿ!"

ಯಾರೂ ಮುಟ್ಟದ, ಬರಿದಾಗಿದ್ದ ಗೋರಿಯ ಮಡಕೆಯಲ್ಲಿ ಕಂಠಮಟ್ಟ ನೀರಿತ್ತು.

ದೊರೆಯ ಕೆಂಪು ಮುಖ ಸುಣ್ಣವಾಯಿತು. ಆದರೂ ಬಾಯಿಂದ ಬಂದದ್ದೇನು? ನಾನು ಕಣ್ಕಟ್ಟು ಮಾಡಿದೆನಂತೆ! ಆಳು ಬಿಟ್ಟು ಹೊರಗೆ ದಬ್ಬಿಸಿದ. ಗೋರಿ ಅಗೆದವನು ಅವನು, ಮೋಸಗಾರ ನಾನು. ಇದೆಂಥ ನ್ಯಾಯ, ನೀವೇ ಹೇಳಿ.

ಅದು ಹೇಗಾಯಿತೆಂದು ನನಗೆ ಇಂದಿಗೂ ತಿಳಿಯದು. ಅಪ್ಪನನ್ನು ಕೇಳಿದರೆ ಎದ್ದು ಮಣ್ಣು ತುಳಿಯಲು ಹೋಗುತ್ತಿದ್ದರು. ಸಂತೆಯಲ್ಲಿ ಈಗಲೂ ಕೆಲವರು ನನ್ನ ಮಡಕೆಗೆ ನೀರು ಹೊಯ್ದು ನೋಡಿಯೇ ಕೊಳ್ಳುತ್ತಾರೆ. ಆಗೆಲ್ಲ ನನಗೆ ದೊರೆಗಿಂತ ಆ ಗೋರಿಯವರ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ಬಾಯಾರಿದ್ದರೆ ನನ್ನನ್ನು ಕೇಳಬಹುದಿತ್ತು. ಒಂದು ಕೊಡ ನೀರು ನಾನೇ ಹೊತ್ತು ತಂದು ಕೊಡುತ್ತಿದ್ದೆ.